ಯಾರು ಹೇಗೆ ಹೇಳಿದರು?

ಉದ್ಯೋಗದಲ್ಲಿರುವವರಿಗೆ ಇಂಗ್ಲಿಷ್ ಬರವಣಿಗೆ ಕಲಿಸುವಾಗ ನನ್ನ ಕೆಂಪು ಶಾಯಿ ಹೆಚ್ಚು ಖರ್ಚಾಗುವುದು ಸಭೆಯ ನಡಾವಳಿಗಳ ಮೇಲೆ. ಮ್ಯಾನೇಜರ್ ‘ಸೆಡ್’ (said, ಹೇಳಿದರು), ಎಂಜಿನಿಯರ್ ‘ಸೆಡ್’, ಅಕೌಂಟೆಂಟ್ ‘ಸೆಡ್’. ಓದಲು ಬೇಸರವಾದರೂ ಇದರಲ್ಲಿ ತಪ್ಪೇನಿಲ್ಲ. ಪದಸಂಪತ್ತು ತೋರಿಸುವ ಹುಮ್ಮಸ್ಸಿನಲ್ಲಿ ಸಮಾನಾರ್ಥಕಗಳ ಪಟ್ಟಿಯಿಂದ ಕೈಗೆ ಸಿಕ್ಕಿದ್ದನ್ನು ಹೆಕ್ಕಿ ಹಾಕಿದಾಗಲೇ ಎಡವಟ್ಟು.

ಎಂಜಿನಿಯರ್ ‘ದುರಸ್ತಿ ಮುಗಿದಿದೆ’ ಎಂದರು ಅನ್ನಿ. ‘ಸೆಡ್’ ಎಂದು ಬರೆದರೆ ಮಾತು ಇದ್ದ ಹಾಗೇ ದಾಖಲಾಗುತ್ತದೆ. ‘ಕ್ಲೇಮ್ಡ್’ ಎಂದರೆ, ಅವರೇನೋ ಹಾಗೆನ್ನುತ್ತಾರೆ, ನಿಜವೋ ಸುಳ್ಳೋ ಎಂಬ ಅನುಮಾನ ನುಸುಳುತ್ತದೆ. ‘ಅಡ್ಮಿಟೆಡ್’, ಅಂದರೆ ಒಪ್ಪಿಕೊಂಡರು, ಎಂದರೆ ದುರಸ್ತಿ ಮುಗಿಸಿದ್ದೇ ಅಪರಾಧವಾಗಿಬಿಡುತ್ತದೆ! ‘ಪಾಯಿಂಟೆಡ್ ಔಟ್’ ಎಂದರೆ ಆ ಮಾತು ನಿಜವೆಂದು ಬರೆದವರೂ ಒಪ್ಪಿದಂತೆ. ‘ಇನ್ಸಿಸ್ಟೆಡ್’ ಎಂದರೆ ಯಾರೋ ಅಲ್ಲಗಳೆದಿದ್ದಾರೆ, ಇವರು ಪಟ್ಟು ಬಿಟ್ಟಿಲ್ಲ. ಎಂಜಿನಿಯರ್ ಆಡಿದ್ದು ಒಂದೇ ಮಾತು. ಅದರ ಮೇಲಿನ ತೀರ್ಪೆಲ್ಲ ನಡಾವಳಿ ಬರೆದವರದು. ತೀರ್ಪು ಕೊಡುವ ಕೆಲಸ ನಿಮ್ಮದಲ್ಲದಿದ್ದರೆ, ಬೇಸರವಾದರೂ ಸರಿ, ‘ಸೆಡ್’ ಬಿಡಬೇಡಿ ಎನ್ನುತ್ತೇನೆ ನಾನು.

ದನಿಯನ್ನು ಬಣ್ಣಿಸುವ ಕ್ರಿಯಾಪದಗಳಿಗೆ ಇಷ್ಟು ಅಂಜಬೇಕಾಗಿಲ್ಲ. ಗೊಣಗುವುದು, ತೊದಲುವುದು, ಪಿಸುಗುಟ್ಟುವುದು, ಬಡಬಡಿಸುವುದು ಬೇರೆಬೇರೆ ಎಂದು ಬಲ್ಲ ಕನ್ನಡಿಗರಿಗೆ ಆ ಕಿವಿ ಆಗಲೇ ಇದೆ. ಗೊಂದಲವಾಗುವುದು ‘ಮಂಬಲ್’ ಮತ್ತು ‘ಮಟರ್’ ನಡುವೆ. ಎರಡೂ ತಗ್ಗಿದ ದನಿಯೇ. ಬಾಯಿ ಸರಿಯಾಗಿ ತೆರೆಯದೆ ಪದಗಳು ಕಲಸಿಹೋದರೆ ‘ಮಂಬಲ್’; ಸಂಕೋಚವೋ ನಿದ್ದೆಗಣ್ಣೋ ಕಾರಣವಿರಬಹುದು. ‘ಮಟರ್’ನಲ್ಲಿ ಹೆಚ್ಚಾಗಿ ಅಸಮಾಧಾನದ ಒಗರಿರುತ್ತದೆ. ನಮ್ಮ ಗೊಣಗಾಟಕ್ಕೆ ಹತ್ತಿರದ್ದು ಅದೇ.

ಶಿಫಾರಸು ಪತ್ರ ಬರೆಯುವವರು ಗುಣವಾಚಕಗಳನ್ನು ಇನ್ನಷ್ಟು ತೂಗಿ ನೋಡಬೇಕು. ‘ಫ್ರಾಂಕ್’, ಅಂದರೆ ಮುಚ್ಚುಮರೆಯಿಲ್ಲದವರು, ಬಹುಮಟ್ಟಿಗೆ ಮೆಚ್ಚುಗೆ. ‘ಬ್ಲಂಟ್’ ಎಂದರೆ ಮುಖಕ್ಕೆ ಹೊಡೆದಂತೆ ಮಾತನಾಡುವವರು. ‘ಟ್ಯಾಕ್ಟ್‌ಲೆಸ್’ (ಎದುರಿನವರಿಗೆ ನೋವಾದೀತೆಂಬ ಪರಿವೆಯಿಲ್ಲದೆ ಮಾತನಾಡುವವರು) ಎಂದು ಬರೆಯುವುದಾದರೆ ಆ ಪತ್ರವನ್ನು ಕೊಡದಿರುವುದೇ ಉಪಕಾರ. ‘ಕನ್ಸೈಸ್’ ಮತ್ತು ‘ಕರ್ಟ್’ ಎರಡರಲ್ಲೂ ಮಾತು ಚಿಕ್ಕದೇ. ಆದರೆ ಮೊದಲನೆಯದರಲ್ಲಿ ಅಡಕವಿದೆ, ಎರಡನೆಯದರಲ್ಲಿ ಒರಟುತನ. ಮಿತಭಾಷಿಯಾದ ಸಹೋದ್ಯೋಗಿಯನ್ನು ‘ಕರ್ಟ್’ ಎಂದು ಹೊಗಳಿದ ಪತ್ರವೊಂದನ್ನು ನಾನೇ ತಿದ್ದಿದ್ದೇನೆ. ಅಲ್ಲಿ ಬೇಕಿದ್ದದ್ದು ‘ರಿಸರ್ವ್ಡ್’.

ವ್ಯಾಕರಣದ ಮಾತು ಬೇಗ ಮುಗಿಯುತ್ತದೆ. ‘ಡಿಸ್ಕಸ್’ ಕ್ರಿಯಾಪದದ ಬೆನ್ನಿಗೆ ‘ಅಬೌಟ್’ ಬೇಡ. ಅದು ಕನ್ನಡದ ‘ಬಗ್ಗೆ’ ಒಳನುಗ್ಗಿದ ಫಲ. ‘ಟೆಲ್’ ಸಾಮಾನ್ಯವಾಗಿ ಕೇಳುಗನನ್ನು ಪಕ್ಕದಲ್ಲೇ ಬಯಸುತ್ತದೆ: ‘ಟೆಲ್ ಮಿ’. ‘ಎಕ್ಸ್‌ಪ್ಲೇನ್’ ಮಾತ್ರ ನಡುವೆ ‘ಟು’ ಇಲ್ಲದೆ ಅವನನ್ನು ಹತ್ತಿರ ಸೇರಿಸುವುದಿಲ್ಲ: ‘ಎಕ್ಸ್‌ಪ್ಲೇನ್ ಟು ಮಿ’.