ಕೀನ್ಯಾ, 2003: ಸೆಮಿಫೈನಲ್ ತಲುಪಿಸಿದ 14 ಅಂಕಗಳ ಲೆಕ್ಕ

ಕೀನ್ಯಾ ಕ್ರಿಕೆಟ್ ಚರಿತ್ರೆ ಓದುವವರು ತಪ್ಪದೆ ಎಡವುವ ಜಾಗ 2003ರ ವಿಶ್ವಕಪ್. "ನ್ಯೂಜಿಲೆಂಡ್ ನೈರೋಬಿಗೆ ಬರಲಿಲ್ಲ, ಪುಕ್ಕಟೆ 4 ಅಂಕ ಸಿಕ್ಕಿತು, ಸೆಮಿಫೈನಲ್ ಸೇರಿದರು" ಎಂಬ ಒಂದು ಸಾಲಿನಲ್ಲಿ ಅದನ್ನು ಮುಗಿಸಿಬಿಡುತ್ತಾರೆ. ಅಂಕಪಟ್ಟಿ ಮುಂದಿಟ್ಟುಕೊಂಡರೆ ಈ ಸಾಲು ನಿಲ್ಲುವುದಿಲ್ಲ.

ಅಲ್ಲಿಯವರೆಗೆ ಆದದ್ದು

1975ರ ಮೊದಲ ವಿಶ್ವಕಪ್‌ನಲ್ಲಿ ಆಡಿದ್ದು ಕೀನ್ಯಾ ಅಲ್ಲ, ಪೂರ್ವ ಆಫ್ರಿಕಾ ಎಂಬ ಜಂಟಿ ತಂಡ. 1981ರಲ್ಲಿ ಕೀನ್ಯಾ ತಾನೇ ಐಸಿಸಿ ಸಹಸದಸ್ಯ ದೇಶವಾಯಿತು. 1994ರ ಐಸಿಸಿ ಟ್ರೋಫಿ ನೈರೋಬಿಯಲ್ಲೇ ನಡೆದು, ಫೈನಲ್‌ನಲ್ಲಿ ಯುಎಇ ಎದುರು ಸೋತರೂ 1996ರ ವಿಶ್ವಕಪ್‌ಗೆ ಅರ್ಹತೆ ಸಿಕ್ಕಿತು. ಅದೇ ಕೂಟದಲ್ಲಿ, ಫೆಬ್ರವರಿ 29ರಂದು ಪುಣೆಯಲ್ಲಿ, 166 ರನ್ ಮಾಡಿ ವೆಸ್ಟ್ ಇಂಡೀಸನ್ನು 93ಕ್ಕೆ ಉರುಳಿಸಿದರು. 1998ರಲ್ಲಿ ಗ್ವಾಲಿಯರ್‌ನಲ್ಲಿ ಭಾರತದ ಮೇಲೆ 69 ರನ್ ಗೆಲುವು, 2001ರಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ಮತ್ತೆ ಭಾರತದ ಮೇಲೆಯೇ 70 ರನ್ ಗೆಲುವು. 2003 ಆಕಾಶದಿಂದ ಉದುರಿದ್ದಲ್ಲ.

ಗುಂಪು ಹಂತ

ಏಳೇಳು ತಂಡಗಳ ಎರಡು ಗುಂಪು, ಪ್ರತಿ ಗುಂಪಿನ ಮೊದಲ ಮೂವರು ಮುಂದಿನ ಹಂತವಾದ ಸೂಪರ್ ಸಿಕ್ಸ್‌ಗೆ. ಗೆದ್ದರೆ 4 ಅಂಕ, ಟೈ ಆದರೆ ಅಥವಾ ಪಂದ್ಯ ರದ್ದಾದರೆ 2. ಕೀನ್ಯಾ ಗೆದ್ದದ್ದು ಕೆನಡಾ, ಶ್ರೀಲಂಕಾ, ಬಾಂಗ್ಲಾದೇಶದ ಮೇಲೆ. ಭದ್ರತೆಯ ಕಾರಣ ಕೊಟ್ಟು ನ್ಯೂಜಿಲೆಂಡ್ ಬಿಟ್ಟುಕೊಟ್ಟ ಪಂದ್ಯ ಸೇರಿ ಗೆಲುವು ನಾಲ್ಕು. ಸೋತದ್ದು ದಕ್ಷಿಣ ಆಫ್ರಿಕಾ ಮತ್ತು ವೆಸ್ಟ್ ಇಂಡೀಸ್‌ಗೆ. ಒಟ್ಟು 16 ಅಂಕ. ಶ್ರೀಲಂಕಾ 18, ನ್ಯೂಜಿಲೆಂಡ್ 16, ಮನೆಗೆ ಹೋದ ವೆಸ್ಟ್ ಇಂಡೀಸ್ ಮತ್ತು ದಕ್ಷಿಣ ಆಫ್ರಿಕಾ ತಲಾ 14.

ಇಲ್ಲಿ ನಿಂತು ಯೋಚಿಸಿ: ನಾಲ್ಕರಲ್ಲಿ ಯಾವ ಒಂದು ಪಂದ್ಯ ಕೈತಪ್ಪಿದ್ದರೂ ಕೀನ್ಯಾಕ್ಕೆ 12 ಅಂಕ, ಅಂದರೆ 14ರ ಕೆಳಗೆ, ಅಂದರೆ ಮನೆಗೆ. ಹೀಗಾಗಿ ಬಾಂಗ್ಲಾದೇಶದ ಮೇಲಿನ 32 ರನ್ ಗೆಲುವೂ ನ್ಯೂಜಿಲೆಂಡ್ ಬಿಟ್ಟುಕೊಟ್ಟ ಪಂದ್ಯದಷ್ಟೇ ಬೆಲೆಯದ್ದು. ಮುಂದಿನ ಹಂತಕ್ಕೆ ಹೋದ ಮೇಲೆ ಮಾತ್ರ ಬೆಲೆ ಬೇರೆಬೇರೆ.

ಬುತ್ತಿಯ ಲೆಕ್ಕ

ಸೂಪರ್ ಸಿಕ್ಸ್‌ಗೆ ತಂಡಗಳು ಗುಂಪಿನ ಅಂಕಗಳನ್ನು ಬುತ್ತಿ ಕಟ್ಟಿಕೊಂಡು ಹೋದವು, ಆದರೆ ಪೂರ್ತಿಯಾಗಿ ಅಲ್ಲ. ತನ್ನ ಗುಂಪಿನಿಂದ ಮೇಲೆ ಬಂದ ಉಳಿದೆರಡು ತಂಡಗಳ ಎದುರು ಗಳಿಸಿದ ಅಂಕ ಹಾಗೆಯೇ ಉಳಿಯುತ್ತದೆ. ಹೊರಬಿದ್ದ ತಂಡಗಳ ಎದುರು ಗಳಿಸಿದ್ದರಲ್ಲಿ ಕಾಲು ಭಾಗ ಮಾತ್ರ: 4 ಇದ್ದದ್ದು 1, 2 ಇದ್ದದ್ದು 0.5. ಗುಂಪಿನ ಅಂಕವನ್ನೇ ನೇರವಾಗಿ ಸೂಪರ್ ಸಿಕ್ಸ್ ಪಟ್ಟಿಗೆ ಇಳಿಸಿಕೊಂಡರೆ ಯಾವ ಮೊತ್ತವೂ ತಾಳೆಯಾಗುವುದಿಲ್ಲ, ಗೊಂದಲ ಹುಟ್ಟುವುದೇ ಇಲ್ಲಿ.

ಕೀನ್ಯಾ: ನ್ಯೂಜಿಲೆಂಡ್ 4, ಶ್ರೀಲಂಕಾ 4, ಕೆನಡಾ 1, ಬಾಂಗ್ಲಾದೇಶ 1. ಒಟ್ಟು 10.

ಶ್ರೀಲಂಕಾ: ನ್ಯೂಜಿಲೆಂಡ್ 4, ಬಾಂಗ್ಲಾದೇಶ, ಕೆನಡಾ, ವೆಸ್ಟ್ ಇಂಡೀಸ್ ತಲಾ 1, ಡರ್ಬನ್ ಮಳೆಯಲ್ಲಿ ದಕ್ಷಿಣ ಆಫ್ರಿಕಾ ಜೊತೆ ಟೈ ಆದದ್ದಕ್ಕೆ 0.5. ಒಟ್ಟು 7.5.

ನ್ಯೂಜಿಲೆಂಡ್ ನಾಲ್ಕು ಪಂದ್ಯ ಗೆದ್ದರೂ ನಾಲ್ಕೂ ಹೊರಬಿದ್ದವರ ಮೇಲೆ. ಹಾಗಾಗಿ 4 ಮಾತ್ರ.

ಇದಕ್ಕೊಂದು ಸುಲಭದ ದಾರಿ ಇದೆ, ಯಾವ ತಂಡಕ್ಕೂ ಹೊಂದುತ್ತದೆ. ಗುಂಪಿನ ಒಟ್ಟು ಅಂಕ ತೆಗೆದುಕೊಂಡು, ಹೊರಬಿದ್ದ ತಂಡದ ಮೇಲಿನ ಪ್ರತಿ ಗೆಲುವಿಗೆ 3, ಪ್ರತಿ ಟೈ ಅಥವಾ ರದ್ದಾದ ಪಂದ್ಯಕ್ಕೆ 1.5 ಕಳೆಯಿರಿ. ಕೀನ್ಯಾ 16ರಲ್ಲಿ 6 ಹೋಗಿ 10. ಆಸ್ಟ್ರೇಲಿಯಾ 24ರಲ್ಲಿ 12 ಹೋಗಿ 12. ಭಾರತ 20ರಲ್ಲಿ 12 ಹೋಗಿ 8. ಜಿಂಬಾಬ್ವೆ 14ರಲ್ಲಿ ಮೂರು ಗೆಲುವಿನ 9, ಪಾಕಿಸ್ತಾನದ ಜೊತೆ ಮಳೆಗೆ ಹೋದ ಪಂದ್ಯದ 1.5 ಕಳೆದರೆ 3.5.

ಜಿಂಬಾಬ್ವೆಯನ್ನು ಬೇಕೆಂದೇ ಎಳೆದು ತಂದಿದ್ದೇನೆ. ಅವರಿಗೂ ಬಿಟ್ಟಿ ಪಂದ್ಯ ಸಿಕ್ಕಿತ್ತು, ಇಂಗ್ಲೆಂಡ್ ಹರಾರೆಗೆ ಹೋಗಲಿಲ್ಲ. ಆದರೆ ಇಂಗ್ಲೆಂಡ್ ಗುಂಪಿನಲ್ಲೇ ಹೊರಬಿದ್ದದ್ದರಿಂದ ಆ 4 ಕುಗ್ಗಿ 1 ಆಯಿತು. ನ್ಯೂಜಿಲೆಂಡ್ ಮೇಲೆ ಬಂದದ್ದರಿಂದ ಕೀನ್ಯಾದ 4 ಕರಗಲಿಲ್ಲ. ಎರಡೂ ಆಡದೆ ಸಿಕ್ಕ ಪಂದ್ಯಗಳೇ, ಬುತ್ತಿಗೆ ಬಿದ್ದದ್ದು ಮಾತ್ರ ಬೇರೆ ಬೇರೆ.

ಸೂಪರ್ ಸಿಕ್ಸ್‌ನಲ್ಲಿ ಪ್ರತಿ ತಂಡ ಇನ್ನೊಂದು ಗುಂಪಿನ ಮೂವರೊಂದಿಗಷ್ಟೇ ಆಡಬೇಕು, ಪಟ್ಟಿಯ ಮೊದಲ ನಾಲ್ವರು ಸೆಮಿಫೈನಲ್‌ಗೆ. ಕೀನ್ಯಾ, ಶ್ರೀಲಂಕಾ, ನ್ಯೂಜಿಲೆಂಡ್ ಮೂವರೂ ಆಸ್ಟ್ರೇಲಿಯಾ, ಭಾರತಕ್ಕೆ ಸೋತರು, ಜಿಂಬಾಬ್ವೆಯನ್ನು ಗೆದ್ದರು. ಮೂವರಿಗೂ ಹೊಸದಾಗಿ ಸೇರಿದ್ದು ಅದೇ 4. ಕೊನೆಗೆ 14, 11.5, 8. ಅವರ ನಡುವಿನ ಅಂತರವೆಲ್ಲ ಬುತ್ತಿಯದ್ದೇ.

"14ರಲ್ಲಿ ಬಿಟ್ಟಿ 4 ಕಳೆದರೂ 10, ನ್ಯೂಜಿಲೆಂಡ್‌ನ 8ಕ್ಕಿಂತ ಹೆಚ್ಚು, ಆದ್ದರಿಂದ ಹೇಗೂ ಸೆಮಿಫೈನಲ್" ಎಂದು ವಾದಿಸುವವರಿದ್ದಾರೆ. ಇದು ತಪ್ಪು. ಆ ಪಂದ್ಯವನ್ನು ನ್ಯೂಜಿಲೆಂಡ್ ಆಡಿ ಗೆದ್ದಿದ್ದರೆ ಕೀನ್ಯಾ ಗುಂಪಿನಲ್ಲೇ ಹೊರಬೀಳುತ್ತಿತ್ತು, ಆಗ ಉಳಿದವರ ಬುತ್ತಿಯನ್ನೂ ಮೊದಲಿಂದ ಕಟ್ಟಬೇಕಾಗುತ್ತಿತ್ತು. ಬರಿಯ ಅದೃಷ್ಟ ಎನ್ನುವುದೂ ಅಷ್ಟೇ ತಪ್ಪು. ಬುತ್ತಿಯಲ್ಲಿದ್ದ ಇನ್ನೊಂದು 4 ನೈರೋಬಿಯಲ್ಲಿ 210 ರನ್ ಮಾಡಿ, ಶ್ರೀಲಂಕಾವನ್ನು 157ಕ್ಕೆ ಕಟ್ಟಿಹಾಕಿ ಗಳಿಸಿದ್ದು. ಲೆಗ್‌ಸ್ಪಿನ್ನರ್ ಕಾಲಿನ್ಸ್ ಒಬುಯಾ 24 ರನ್‌ಗೆ 5 ವಿಕೆಟ್ ಕಿತ್ತರು.

ಸೆಮಿಫೈನಲ್ ಮಾರ್ಚ್ 20, ಡರ್ಬನ್: ಭಾರತ 4 ವಿಕೆಟ್‌ಗೆ 270, ಕೀನ್ಯಾ 179.

ಹೆಸರುಗಳ ಎಚ್ಚರಿಕೆ

ಸ್ಕೋರ್‌ಕಾರ್ಡ್‌ಗಳಲ್ಲಿ ಕೆನಡಿ ಒಟಿಯೆನೊ, ಕೆನಡಿ ಒಬುಯಾ ಎಂದು ಬರುವವರು ಒಬ್ಬರೇ. ಡೇವಿಡ್, ಕಾಲಿನ್ಸ್ ಅವರ ತಮ್ಮಂದಿರು.

ಆಮೇಲೆ

2004ರಲ್ಲಿ ಬುಕ್ಕಿ ನಂಟಿನ ಆರೋಪದ ಮೇಲೆ ಮಾಜಿ ನಾಯಕ ಮಾರಿಸ್ ಒಡುಂಬೆಗೆ 5 ವರ್ಷ ನಿಷೇಧ. ಮಂಡಳಿ ಮತ್ತು ಆಟಗಾರರ ಜಗಳ ಬೇರೆ. 2011ರ ವಿಶ್ವಕಪ್‌ನಲ್ಲಿ ಆರಕ್ಕೆ ಆರೂ ಸೋಲು. ಅದರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಪಂದ್ಯ ನೋಡಲೇಬೇಕಾದದ್ದು: ಆಸ್ಟ್ರೇಲಿಯಾದ 324ರ ಎದುರು ಕೀನ್ಯಾ 264 ಮಾಡಿತು, ಔಟಾಗದೆ 98 ಹೊಡೆದವರು ಅದೇ ಕಾಲಿನ್ಸ್ ಒಬುಯಾ, ಅಷ್ಟು ಹೊತ್ತಿಗೆ ಬ್ಯಾಟ್ಸ್‌ಮನ್ ಆಗಿ ಬದಲಾಗಿದ್ದರು. 2014ರಲ್ಲಿ ಏಕದಿನ ಮಾನ್ಯತೆಯೂ ಹೋಯಿತು. 2024ರ ಆಗಸ್ಟ್‌ನಲ್ಲಿ ನಮ್ಮ ದೊಡ್ಡ ಗಣೇಶ್ ಕೋಚ್ ಆಗಿ ನೇಮಕಗೊಂಡರು, ತಿಂಗಳು ಕಳೆಯುವಷ್ಟರಲ್ಲಿ ಆ ನೇಮಕ ರದ್ದಾಯಿತು.