ನಾನ್‌ಲೀನಿಯರ್ ಫೋನಾನಿಕ್ಸ್: ಬೆಳಕಿನಿಂದ ಹರಳನ್ನು ತಿದ್ದುವ ಬಗೆ

ಸೂಪರ್‌ಕಂಡಕ್ಟರ್ ಅಂದರೆ ವಿದ್ಯುತ್ತನ್ನು ಒಂದಿಷ್ಟೂ ತಡೆಯದೆ ಹರಿಯಬಿಡುವ ವಸ್ತು. ಆದರೆ ಅದಕ್ಕೆ ಕಡು ಚಳಿ ಬೇಕು. ಲೇಸರ್ ಬಿದ್ದರೆ ವಸ್ತು ಸಾಮಾನ್ಯವಾಗಿ ಬಿಸಿಯಾಗುತ್ತದೆ. ಹಾಗಿದ್ದೂ ಲೇಸರ್ ಹಾಯಿಸಿಯೇ ಸೂಪರ್‌ಕಂಡಕ್ಟರ್ ಗುಣವನ್ನು ಹೆಚ್ಚಿಸಲು ಹೊರಟವರಿದ್ದಾರೆ. ಅವರು ಹಿಡಿದ ದಾರಿಯ ಹೆಸರೇ ನಾನ್‌ಲೀನಿಯರ್ ಫೋನಾನಿಕ್ಸ್.

ಹರಳಿನಲ್ಲಿ ಪರಮಾಣುಗಳು ಸಾಲಾಗಿ ಕೂತಿರುತ್ತವೆ, ಆದರೆ ಸುಮ್ನೆ ಕೂತಿರುವುದಿಲ್ಲ. ಎಲ್ಲವೂ ಸೇರಿ ಒಂದು ಲಯದಲ್ಲಿ ಕಂಪಿಸುತ್ತವೆ. ಆ ಕಂಪನವೇ ಫೋನಾನ್. ಲೇಸರ್‌ನ ಲಯವನ್ನು ಅಂಥ ಒಂದು ಕಂಪನಕ್ಕೇ ಹೊಂದಿಸಿ ಜೋರಾಗಿ ಹೊಡೆದರೆ, ಆ ಕಂಪನ ಮಾತ್ರ ವಿಪರೀತ ಹೆಚ್ಚುತ್ತದೆ. ಇಷ್ಟೇ ಆಗಿದ್ದರೆ ದೊಡ್ಡ ವಿಷಯವಲ್ಲ: ಪರಮಾಣು ಎಷ್ಟು ಮೇಲೆ ಹೋಯಿತೋ ಅಷ್ಟೇ ಕೆಳಗೆ ಬರುತ್ತದೆ, ಹರಳಿನ ಸರಾಸರಿ ಆಕಾರ ಇದ್ದ ಹಾಗೇ ಇರುತ್ತದೆ. ಆದರೆ ಕಂಪನ ತುಂಬ ದೊಡ್ಡದಾದಾಗ ಪಕ್ಕದ ಇನ್ನೊಂದು ಕಂಪನವನ್ನೂ ತಳ್ಳತೊಡಗುತ್ತದೆ. ಆ ತಳ್ಳುವಿಕೆ ಮೊದಲ ಕಂಪನದ ವರ್ಗವನ್ನು (ಸ್ಕ್ವೇರ್) ಅವಲಂಬಿಸಿದೆ. ಪ್ಲಸ್ ಇರಲಿ ಮೈನಸ್ ಇರಲಿ, ವರ್ಗ ಮಾಡಿದರೆ ಪ್ಲಸ್ಸೇ ಅಲ್ವಾ? ಹಾಗಾಗಿ ಅದು ಯಾವಾಗಲೂ ಒಂದೇ ದಿಕ್ಕಿಗೆ ತಳ್ಳುತ್ತದೆ. ಮೊರದಲ್ಲಿ ಅಕ್ಕಿ ಕೇರುವಾಗ ಕೈ ಆಡುವುದು ಮೇಲೆ ಕೆಳಗೆ, ಕಾಳು ಸರಿಯುವುದು ಮಾತ್ರ ಒಂದೇ ಕಡೆಗೆ. ಇಲ್ಲಿಯೂ ಹಾಗೇ, ಪರಮಾಣುಗಳು ತಮ್ಮ ಜಾಗದಿಂದ ಒಂದು ಕಡೆಗೆ ಸರಿದು ನಿಲ್ಲುತ್ತವೆ. ಇಡೀ ಪರಿಕಲ್ಪನೆಯ ಜೀವಾಳ ಇದೇ.

ವೈಬಿಸಿಓ ಎಂಬ ತಾಮ್ರದ ಆಕ್ಸೈಡ್ ಇದಕ್ಕೆ ಒಳ್ಳೆಯ ಉದಾಹರಣೆ. ಸೂಪರ್‌ಕಂಡಕ್ಟರ್ ಗುಣವನ್ನು ವಿವರಿಸುವ ಹಳೆಯ ಸಿದ್ಧಾಂತಕ್ಕೆ ಬಗ್ಗದ ವಸ್ತುಗಳಲ್ಲಿ ಇದೂ ಒಂದು. ಪ್ರಯೋಗಕ್ಕೆ ಬಳಸಿದ್ದು ಆಕ್ಸಿಜನ್ ಕೊಂಚ ಕಡಿಮೆ ಇರುವ ಮಾದರಿ. ಅದು ಸುಮಾರು 50 ಕೆಲ್ವಿನ್, ಅಂದರೆ ಮೈನಸ್ 223 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಮಾತ್ರ ಸೂಪರ್‌ಕಂಡಕ್ಟರ್. ಇದರಲ್ಲಿ ತಾಮ್ರ-ಆಕ್ಸಿಜನ್ ಪದರಗಳು ಜೋಡಿ ಜೋಡಿಯಾಗಿವೆ. ಒಂದು ಜೋಡಿಗೂ ಇನ್ನೊಂದಕ್ಕೂ ನಡುವೆ, ತಾಮ್ರದ ನೆತ್ತಿಯ ಮೇಲೆ ಕೂತಂತೆ ಒಂದು ಆಕ್ಸಿಜನ್ ಇದೆ. ಅದು ಸೆಕೆಂಡಿಗೆ ಸುಮಾರು 20 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಆಂಡ್ರಿಯಾ ಕವಲ್ಲೇರಿ ಅವರ ತಂಡ ಸುಮಾರು 15 ಮೈಕ್ರೋಮೀಟರ್ ಅಲೆಯುದ್ದದ ಇನ್‌ಫ್ರಾರೆಡ್ ಲೇಸರ್‌ನಿಂದ ಈ ಆಕ್ಸಿಜನ್ನನ್ನೇ ಕುಲುಕಿತು. ಏನಾಯಿತೆಂದು ನೋಡಲು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಎಕ್ಸ್-ರೇ ಲೇಸರ್ ಬಳಸಿದರು. 2014ರಲ್ಲಿ ಫಲಿತಾಂಶ ಹೊರಬಂತು. ತಾಮ್ರಕ್ಕೂ ಆ ಆಕ್ಸಿಜನ್‌ಗೂ ಇದ್ದ ದೂರ ಸುಮಾರು 2.4 ಪಿಕೋಮೀಟರ್ ಕಡಿಮೆಯಾಗಿತ್ತು (ಪಿಕೋ ಅಂದರೆ ಲಕ್ಷ ಕೋಟಿಯಲ್ಲಿ ಒಂದು ಪಾಲು). ಜೋಡಿಯೊಳಗಿನ ಪದರಗಳು ತುಸು ದೂರವಾಗಿದ್ದವು, ಜೋಡಿ-ಜೋಡಿ ನಡುವಿನ ಅಂತರ ತಗ್ಗಿತ್ತು. ಇಷ್ಟು ಸಣ್ಣ ಕದಲಿಕೆಯನ್ನು, ಅದೂ ಕೆಲವೇ ಪಿಕೋಸೆಕೆಂಡುಗಳಲ್ಲಿ ಅಳೆದದ್ದು ನನ್ನ ಮಟ್ಟಿಗೆ ಬೆರಗಿನ ಸಂಗತಿ.

ಅದೇ ಸ್ಥಿತಿಯಲ್ಲಿ ಬೆಳಕು ಪ್ರತಿಫಲಿಸುವ ರೀತಿಯಲ್ಲಿ ಸೂಪರ್‌ಕಂಡಕ್ಟರ್‌ನಂಥ ಗುರುತುಗಳು ಕಂಡವು, ಅದೂ 50 ಕೆಲ್ವಿನ್‌ಗಿಂತ ಎಷ್ಟೋ ಮೇಲೆ. ಆದರೆ ಗುರುತು ಬೇರೆ, ಪುರಾವೆ ಬೇರೆ. ಎಲೆಕ್ಟ್ರಾನ್‌ಗಳು ಬರೀ ಸಲೀಸಾಗಿ ಓಡಾಡಿದರೂ ಹಾಗೇ ಕಾಣಬಹುದು ಎಂಬ ವಾದವಿತ್ತು, ಅದರಲ್ಲಿ ಹುರುಳೂ ಇತ್ತು. ನಿಜವಾದ ಸೂಪರ್‌ಕಂಡಕ್ಟರ್ ಆದರೆ ಕಾಂತಕ್ಷೇತ್ರವನ್ನೂ ಹೊರದಬ್ಬಬೇಕು. 2024ರಲ್ಲಿ ಅದೇ ತಂಡ ವೈಬಿಸಿಓ ಪಕ್ಕದಲ್ಲಿ ಕಾಂತಕ್ಷೇತ್ರ ಅಳೆಯುವ ಇನ್ನೊಂದು ಹರಳನ್ನಿಟ್ಟು ನೋಡಿತು. ಲೇಸರ್ ಬಿದ್ದ ಕ್ಷಣ ಕ್ಷೇತ್ರ ಹೊರಕ್ಕೆ ಸರಿದದ್ದು ದಾಖಲಾಯಿತು. ಎಲೆಕ್ಟ್ರಾನ್‌ಗಳ ಸಲೀಸು ಓಡಾಟವೊಂದರಿಂದಲೇ ಇಷ್ಟಾಗದು ಎನ್ನುವುದು ತಂಡದ ವಾದ. ಈವರೆಗಿನ ಪುರಾವೆಗಳಲ್ಲಿ ನನಗೆ ಹೆಚ್ಚು ಗಟ್ಟಿ ಅನಿಸುವುದು ಇದೇ.