ಆರ್‌ಪಿಎಂನಿಂದ ಡೆಬ್‌ಗೆ: ಸ್ಪೆಕ್ ಫೈಲ್ ಮತ್ತೆ ಬರೆಯಲೇಬೇಕಾ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಸೆಂಟ್‌ಓಎಸ್ 7 ಅನ್ನುವ ಲಿನಕ್ಸ್‌ಗಾಗಿ ನಾವೇ ಕಟ್ಟಿಕೊಂಡ ಸುಮಾರು 30 ಪ್ಯಾಕೇಜ್‌ಗಳಿವೆ. ಈಗ ಎಲ್ಲವನ್ನೂ ಡೆಬಿಯನ್ 12 ಅನ್ನುವ ಇನ್ನೊಂದು ಲಿನಕ್ಸ್‌ಗೆ ಒಯ್ಯಬೇಕು. ಏಲಿಯನ್ ಟೂಲ್ ಓಡಿಸಿ ಆರ್‌ಪಿಎಂ ಫೈಲನ್ನು (ಸೆಂಟ್‌ಓಎಸ್‌ನ ಪ್ಯಾಕೇಜ್) ಡೆಬ್ (ಡೆಬಿಯನ್‌ನ ಪ್ಯಾಕೇಜ್) ಮಾಡಿಕೊಂಡರೆ ಸಾಲದೇ? ಪ್ಯಾಕೇಜ್ ಹೇಗೆ ಕಟ್ಟಬೇಕು ಅಂತ ಹೇಳುವ ಸ್ಪೆಕ್ ಫೈಲ್‌ಗಳನ್ನೆಲ್ಲ ಮೊದಲಿನಿಂದ ಬರೆಯಲೇಬೇಕಾ?

ಉತ್ತರ: ಸೆಂಟ್‌ಓಎಸ್ 7ಕ್ಕೆ ಅಪ್‌ಡೇಟ್ ನಿಂತಿದ್ದು 2024ರ ಜೂನ್ 30ಕ್ಕೆ. ಅಲ್ಲಿಂದ ಈಚೆಗೆ ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಿದ್ದಾರೆ. ನೇರವಾಗಿ ಹೇಳುತ್ತೇನೆ. ಒಂದು ಚಿಕ್ಕ ಟೂಲನ್ನು ಒಮ್ಮೆ ಹಾಕಿ ನೋಡಲು ಏಲಿಯನ್ ಆಗಬಹುದು. ವರ್ಷಗಟ್ಟಲೆ ನಡೆಸುವ ಸರ್ವರ್‌ಗೆ ಅದು ಸಾಲದು.

ಯಾಕೆ ಅಂದರೆ, ಏಲಿಯನ್ ಆರ್‌ಪಿಎಂ ಬಿಚ್ಚಿ ಒಳಗಿನ ಫೈಲ್‌ಗಳನ್ನು ಬೇರೆ ಡಬ್ಬಿಗೆ ತುಂಬುತ್ತದೆ, ಅಷ್ಟೆ. ಬೇರೆ ಯಾವ ಪ್ಯಾಕೇಜ್ ಬೇಕು ಅಂತ ನೀವು ಬರೆದ ರಿಕ್ವೈರ್ಸ್ ಸಾಲುಗಳು ಅಲ್ಲಿಗೆ ಬರುವುದಿಲ್ಲ. ಇನ್‌ಸ್ಟಾಲ್ ಆಗುವಾಗ ಓಡಬೇಕಾದ ಸ್ಕ್ರಿಪ್ಟ್‌ಗಳೂ ನೀವಾಗಿ ಕೇಳದಿದ್ದರೆ ಬರುವುದಿಲ್ಲ. ಇನ್ನು ಫೈಲ್‌ಗಳ ಗತಿ ನೋಡಿ. ಸೆಂಟ್‌ಓಎಸ್ 7ರಲ್ಲಿರುವುದು ಓಪನ್‌ಎಸ್‌ಎಸ್‌ಎಲ್ ಅನ್ನುವ ಎನ್‌ಕ್ರಿಪ್ಶನ್ ಲೈಬ್ರರಿಯ 1.0.2 ಆವೃತ್ತಿ, ಡೆಬಿಯನ್ 12ರಲ್ಲಿರುವುದು 3.0. ಹಳೆಯದಕ್ಕೆ ಜೋಡಿಸಿ ಕಟ್ಟಿದ ಪ್ರೋಗ್ರಾಂ ಹೊಸ ಮಷೀನಿನಲ್ಲಿ ತನ್ನ ಲೈಬ್ರರಿ ಸಿಗದೆ ಶುರುವೇ ಆಗುವುದಿಲ್ಲ. ಹೇಗೂ ಸೋರ್ಸ್‌ನಿಂದ ಮತ್ತೆ ಕಟ್ಟಬೇಕು. ಹಾಗಿದ್ದ ಮೇಲೆ ಸಾಗಿಸಬೇಕಾದದ್ದು ಆರ್‌ಪಿಎಂ ಅಲ್ಲ, ಸ್ಪೆಕ್ ಫೈಲ್‌ನೊಳಗೆ ಸೇರಿಕೊಂಡಿರುವ ತಿಳಿವಳಿಕೆ.

ಆ ತಿಳಿವಳಿಕೆಯನ್ನು ಮೊದಲು ಬಿಡಿಸಿಕೊಳ್ಳಿ. ಒಂದು ಸ್ಪೆಕ್ ಫೈಲ್‌ನಲ್ಲಿ ಮೂರು ಬಗೆಯ ಮಾತು ಕಲಸಿಕೊಂಡಿರುತ್ತದೆ. ಯಾವ ಲೈಬ್ರರಿ ಬೇಕು, ಯಾವ ಪ್ಯಾಚ್ ಬೇಕು, ಲೈಸೆನ್ಸ್ ಏನು ಅನ್ನುವುದು ಸಾಫ್ಟ್‌ವೇರ್‌ನ ಮಾತು. ಪ್ಯಾಕೇಜ್ ಹೆಸರು, ಮ್ಯಾಕ್ರೋ, ಲೈಬ್ರರಿಗಳಿರುವ ಲಿಬ್64 ಫೋಲ್ಡರ್‌ನ ದಾರಿ, ಇವೆಲ್ಲ ಡಿಸ್ಟ್ರೋದ, ಅಂದರೆ ಆಯಾ ಲಿನಕ್ಸ್‌ನ, ಮಾತು. ಇದು ಯಾವ ಯೂಸರ್ ಹೆಸರಲ್ಲಿ ಓಡಬೇಕು, ಯಾವ ಕಾನ್ಫಿಗ್ ಫೈಲನ್ನು ಅಪ್‌ಡೇಟ್ ಮುಟ್ಟಬಾರದು ಅನ್ನುವುದು ನಿಮ್ಮ ಆಫೀಸಿನ ಮಾತು. ಮೊದಲನೆಯದು ಹಾಗೇ ಬರುತ್ತದೆ. ಎರಡನೆಯದನ್ನು ಬಿಟ್ಟು ಹೊಸದು ಬರೆಯಬೇಕು. ಮೂರನೆಯದು ಬೇರೆಲ್ಲೂ ಬರೆದಿರುವುದಿಲ್ಲ, ಕಳೆದುಹೋದರೆ ಹೋಯಿತು. ಅದಕ್ಕೇ ನಾನು ಡೆಬ್ ಕಟ್ಟುವ ಸೂಚನೆಗಳನ್ನಿಡುವ ‘ಡೆಬಿಯನ್’ ಫೋಲ್ಡರ್ ತೆರೆಯುವ ಮೊದಲು ಪ್ರತಿ ಪ್ಯಾಕೇಜ್‌ಗೂ ಒಂದು ಸಾದಾ ಟೆಕ್ಸ್ಟ್ ಫೈಲ್ ಮಾಡುತ್ತೇನೆ. ಸ್ಪೆಕ್‌ನ ಒಂದೊಂದು ಸಾಲನ್ನೂ ಈ ಮೂರರಲ್ಲಿ ಒಂದರ ಕೆಳಗೆ ಹಾಕುತ್ತೇನೆ. ಯಾಕಿದೆ ಅಂತ ಗೊತ್ತಾಗದ ಸಾಲಿಗೆ ಪ್ರಶ್ನೆ ಚಿಹ್ನೆ ಹಾಕಿ, ಬರೆದವರು ಇನ್ನೂ ಆಫೀಸಿನಲ್ಲಿದ್ದರೆ ಹೋಗಿ ಕೇಳುತ್ತೇನೆ.

ಹೆಸರಿನ ವಿಷಯಕ್ಕೆ ನಮ್ಮದೇ ಒಂದು ಉದಾಹರಣೆ ಇದೆ. ಲೋಹಿತ್ ಕನ್ನಡ ಫಾಂಟ್ ಗೊತ್ತಲ್ವಾ? ಸೆಂಟ್‌ಓಎಸ್‌ನ ಹಾಗೆ ಆರ್‌ಪಿಎಂ ಬಳಸುವ ಫೆಡೋರಾ ಕಡೆಯಲ್ಲಿ ಅದರ ಪ್ಯಾಕೇಜ್ ‘ಲೋಹಿತ್-ಕನ್ನಡ-ಫಾಂಟ್ಸ್’. ಡೆಬಿಯನ್‌ನಲ್ಲಿ ಅದೇ ಫಾಂಟ್ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’. ಆ ಕೊನೆಯ ನಾಲ್ಕು ಅಕ್ಷರ ಕನ್ನಡ ಲಿಪಿಗೆ ಇರುವ ಅಂತರರಾಷ್ಟ್ರೀಯ ಸಂಕೇತ. ಫಾಂಟ್ ಒಂದೇ, ಹೆಸರಿಡುವ ರೂಢಿ ಬೇರೆ. ಲೈಬ್ರರಿಗಳದ್ದೂ ಇದೇ ಕಥೆ. ‘ಓಪನ್‌ಎಸ್‌ಎಸ್‌ಎಲ್-ಡೆವೆಲ್’ ಇಲ್ಲಿ ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಆಗುತ್ತದೆ, ‘ಝಡ್‌ಲಿಬ್-ಡೆವೆಲ್’ ಅನ್ನುವುದು ‘ಝಡ್‌ಲಿಬ್1ಜಿ-ಡೆವ್’, ‘ಎಚ್‌ಟಿಟಿಪಿಡಿ’ ಅನ್ನುವುದು ‘ಅಪಾಚೆ2’. ಡೆವೆಲ್ ಇದ್ದಲ್ಲೆಲ್ಲ ಡೆವ್ ಅಂತ ಒಂದೇ ಏಟಿಗೆ ಬದಲಾಯಿಸಲು ಹೋಗಬೇಡಿ, ಕೆಲಸ ಕೆಡುತ್ತದೆ. ರೆಪಾಲಜಿ ಅನ್ನುವ ತಾಣದಲ್ಲಿ ಒಂದು ಸಾಫ್ಟ್‌ವೇರ್‌ಗೆ ಯಾವ ಡಿಸ್ಟ್ರೋದಲ್ಲಿ ಯಾವ ಹೆಸರು ಅಂತ ಒಂದೇ ಕಡೆ ಸಿಗುತ್ತದೆ. ನಿಮ್ಮ ಟೆಕ್ಸ್ಟ್ ಫೈಲ್‌ನಲ್ಲಿ ಎರಡೂ ಹೆಸರನ್ನು ಅಕ್ಕಪಕ್ಕ ಬರೆದಿಡಿ. ಮುಂದಿನ ಪ್ಯಾಕೇಜ್‌ಗೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಇಲ್ಲೊಂದು ಕೆಲಸ ಕಡಿಮೆಯಾಗುತ್ತದೆ. ಪ್ರೋಗ್ರಾಂ ಯಾವ ಲೈಬ್ರರಿಗೆ ಜೋಡಿಸಿಕೊಂಡಿದೆ ಅನ್ನುವುದನ್ನು ಡೆಬಿಯನ್ ಬಿಲ್ಡ್ ತಾನೇ ನೋಡಿ ಡಿಪೆಂಡ್ಸ್ (ರಿಕ್ವೈರ್ಸ್‌ಗೆ ಡೆಬಿಯನ್‌ನ ಹೆಸರು) ಸಾಲಿಗೆ ಸೇರಿಸುತ್ತದೆ. ಅಂಥ ರಿಕ್ವೈರ್ಸ್‌ಗಳನ್ನು ಕೈಯಲ್ಲಿ ಬರೆಯುವುದು ಬೇಡ. ಆದರೆ ನಿಮ್ಮ ಪ್ರೋಗ್ರಾಂ ಒಳಗಿಂದ ‘ಆರ್‌ಸಿಂಕ್’ನಂಥ ಬೇರೆ ಪ್ರೋಗ್ರಾಂ ಕರೆಯುತ್ತಿದ್ದರೆ ಅದನ್ನು ಯಾವ ಟೂಲೂ ಕಂಡುಹಿಡಿಯುವುದಿಲ್ಲ. ಅದನ್ನು ನೀವೇ ಬರೆಯಬೇಕು.

ವರ್ಷನ್ ನಂಬರ್ ಎಲ್ಲಿಂದ ಬರುತ್ತದೆ ಅನ್ನುವುದೂ ಬೇರೆ. ಆರ್‌ಪಿಎಂಗೆ ಸ್ಪೆಕ್‌ನಲ್ಲಿ ವರ್ಷನ್, ರಿಲೀಸ್ ಅಂತ ಎರಡು ಸಾಲು. ಡೆಬಿಯನ್‌ಗೆ ಚೇಂಜ್‌ಲಾಗ್ ಫೈಲ್‌ನ ಮೇಲಿನ ನಮೂದೇ ವರ್ಷನ್. ಹಾಗಾಗಿ ಅಲ್ಲಿ ಚೇಂಜ್‌ಲಾಗ್ ಬರೆಯುವುದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅದು ಒಳ್ಳೆಯದೇ. ಪೂರ್ತಿ ಬಿಡುಗಡೆಗೆ ಮುಂಚಿನ ಆವೃತ್ತಿ ಇದ್ದರೆ ಮಾತ್ರ ಹುಷಾರು. 2.0~ಆರ್‌ಸಿ1 ಅಂತ ನಡುವೆ ಟಿಲ್ಡೆ ಹಾಕಿ ಬರೆಯಿರಿ. ಟಿಲ್ಡೆ ಬಿಟ್ಟರೆ, ನಾಳೆ ಬರುವ ನಿಜವಾದ 2.0ಯನ್ನು ಡಿಪಿಕೆಜಿ (ಡೆಬ್ ಇನ್‌ಸ್ಟಾಲ್ ಮಾಡುವ ಟೂಲ್) ಹಳೆಯದು ಅಂದುಕೊಳ್ಳುತ್ತದೆ, ಅಪ್‌ಗ್ರೇಡ್ ಮಾಡುವುದಿಲ್ಲ.

ಈಗ ಸ್ಕ್ರಿಪ್ಟ್‌ಗಳಿಗೆ ಬರೋಣ. ನನಗೆ ಜಾಸ್ತಿ ಪೆಟ್ಟು ಬಿದ್ದದ್ದು ಇಲ್ಲೇ.

ಒಂದು ಸಲ ನಾನು, ಇನ್‌ಸ್ಟಾಲ್ ಆದ ಮೇಲೆ ಓಡುವ ಸ್ಪೆಕ್‌ನ ಪೋಸ್ಟ್ ಭಾಗವನ್ನು ಹಾಗೇ ಎತ್ತಿ, ಡೆಬಿಯನ್‌ನಲ್ಲಿ ಅದೇ ಕೆಲಸದ ಪೋಸ್ಟ್‌ಇನ್‌ಸ್ಟ್ ಫೈಲ್‌ಗೆ ಹಾಕಿದೆ. ಅದರಲ್ಲಿ ‘ಮೊದಲ ಆರ್ಗ್ಯುಮೆಂಟ್ 1 ಆಗಿದ್ದರೆ ಹೊಸ ಯೂಸರ್ ಮಾಡು’ ಅಂತ ಇತ್ತು. ಇನ್‌ಸ್ಟಾಲ್ ಆಯಿತು, ಎಲ್ಲೂ ಫೇಲ್ ಆಗಲಿಲ್ಲ. ಆದರೆ ಸರ್ವಿಸ್ ಮೇಲೇಳಲಿಲ್ಲ, ಯಾಕೆಂದರೆ ಯೂಸರ್ ಇರಲಿಲ್ಲ. ಮಧ್ಯಾಹ್ನ ಪೂರ್ತಿ ಹುಡುಕಿದ ಮೇಲೆ ಟರ್ಮಿನಲ್‌ನಲ್ಲಿ ಹರಿದುಹೋಗಿದ್ದ ಒಂದು ಸಾಲು ಕಣ್ಣಿಗೆ ಬಿತ್ತು: ‘ಇಲ್ಲೀಗಲ್ ನಂಬರ್: ಕಾನ್ಫಿಗರ್’. ಆರ್‌ಪಿಎಂ ತನ್ನ ಸ್ಕ್ರಿಪ್ಟ್‌ಗೆ ಕೊಡುವುದು ಎಣಿಕೆ. ಈ ಕೆಲಸ ಮುಗಿದ ಮೇಲೆ ಪ್ಯಾಕೇಜ್‌ನ ಎಷ್ಟು ಪ್ರತಿ ಉಳಿದಿರುತ್ತದೆ ಅನ್ನುವುದು ಅದರ ಅರ್ಥ. 1 ಅಂದರೆ ಹೊಸದಾಗಿ ಇನ್‌ಸ್ಟಾಲ್, 2 ಅಂದರೆ ಅಪ್‌ಗ್ರೇಡ್, ತೆಗೆಯುವಾಗ 0. ಡೆಬಿಯನ್ ಕೊಡುವುದು ಪದ: ಕಾನ್ಫಿಗರ್, ಅಪ್‌ಗ್ರೇಡ್, ರಿಮೂವ್, ಪರ್ಜ್ (ಕಾನ್ಫಿಗ್ ಸಮೇತ ಪೂರ್ತಿ ತೆಗೆಯುವುದು). ಪದವನ್ನು ನಂಬರ್ ಜೊತೆ ಹೋಲಿಸಲು ಹೋದ ಶೆಲ್ ಒಂದು ಸಾಲು ಗೊಣಗಿ, ‘ಸುಳ್ಳು’ ಅಂತ ತೀರ್ಮಾನಿಸಿ ಮುಂದೆ ಹೋಗಿತ್ತು.

ಓಡುವ ಕ್ರಮವೂ ಬೇರೆ. ಆರ್‌ಪಿಎಂ ಅಪ್‌ಗ್ರೇಡ್‌ನಲ್ಲಿ ಹೊಸ ಪ್ಯಾಕೇಜ್‌ನ ಪೋಸ್ಟ್ ಮುಗಿದ ಮೇಲೆ ಹಳೆಯದರ ಪ್ರೀಅನ್ (ತೆಗೆಯುವ ಮುಂಚಿನ ಸ್ಕ್ರಿಪ್ಟ್) ಓಡುತ್ತದೆ. ಡೆಬಿಯನ್‌ನಲ್ಲಿ ಅದೇ ಕೆಲಸದ ಹಳೆಯದರ ಪ್ರೀಆರ್‌ಎಂ ಎಲ್ಲಕ್ಕಿಂತ ಮೊದಲು, ಹೊಸದರ ಪೋಸ್ಟ್‌ಇನ್‌ಸ್ಟ್ ಎಲ್ಲಕ್ಕಿಂತ ಕೊನೆಗೆ. ಆರ್‌ಪಿಎಂನ ಕ್ರಮಕ್ಕೆ ಹೊಂದಿಸಿ ಬರೆದ ಯುಕ್ತಿಗಳು ಇಲ್ಲಿ ತಲೆಕೆಳಗಾಗುತ್ತವೆ. ಅದಕ್ಕೇ ನನ್ನ ಸಲಹೆ: ಸ್ಕ್ರಿಪ್ಟನ್ನು ಅನುವಾದ ಮಾಡಬೇಡಿ. ‘ಈ ಸಾಲು ಏನು ಆಗಲಿ ಅಂತ ಬರೆದದ್ದು?’ ಅಂತ ಕೇಳಿಕೊಂಡು, ಉತ್ತರವನ್ನು ಟೆಕ್ಸ್ಟ್ ಫೈಲ್‌ಗೆ ಬರೆಯಿರಿ. ತುಂಬಾ ಸಲ ಹೊಸ ಕಡೆ ಆ ಸಾಲೇ ಬೇಡವಾಗಿರುತ್ತದೆ. ಫಾಂಟ್ ಪ್ಯಾಕೇಜನ್ನೇ ನೋಡಿ. ಸೆಂಟ್‌ಓಎಸ್ 7ರಲ್ಲಿ ಪೋಸ್ಟ್ ಭಾಗ ಫಾಂಟ್ ಕ್ಯಾಶ್ ಕಟ್ಟಬೇಕಿತ್ತು. ಡೆಬಿಯನ್‌ನಲ್ಲಿ ಫಾಂಟ್‌ಕಾನ್ಫಿಗ್‌ನ ಟ್ರಿಗರ್ (ಫಾಂಟ್ ಬಂದೊಡನೆ ಓಡುವ ಕೆಲಸ) ಅದನ್ನು ತಾನೇ ಮಾಡುತ್ತದೆ.

ಇನ್ನೆರಡು ವ್ಯತ್ಯಾಸ ಗಮನದಲ್ಲಿರಲಿ. ರೆಡ್‌ಹ್ಯಾಟ್ ಕಡೆಯ (ಸೆಂಟ್‌ಓಎಸ್, ಫೆಡೋರಾ) ರೂಢಿಯಲ್ಲಿ ಇನ್‌ಸ್ಟಾಲ್ ಆದ ಸರ್ವಿಸ್ ತಾನಾಗಿ ಶುರುವಾಗುವುದಿಲ್ಲ. ಡೆಬಿಯನ್‌ನಲ್ಲಿ ಶುರುವಾಗುತ್ತದೆ. ಕಾನ್ಫಿಗ್ ತುಂಬುವ ಮೊದಲೇ ಸರ್ವಿಸ್ ಎದ್ದು ನಿಲ್ಲುವುದು ಬೇಡ ಅಂದರೆ ಡೆಬಿಯನ್ ಫೋಲ್ಡರ್‌ನ ರೂಲ್ಸ್ ಫೈಲ್‌ನಲ್ಲಿ ‘ನೋ-ಸ್ಟಾರ್ಟ್’ ಆಯ್ಕೆ ಕೊಡಿ. ಕಾನ್ಫಿಗ್ ಫೈಲ್ ವಿಷಯದಲ್ಲಿ, ‘ನೋರಿಪ್ಲೇಸ್’ ಅಂತ ಗುರುತು ಹಾಕಿದ್ದರೆ ಆರ್‌ಪಿಎಂ ನಿಮ್ಮ ತಿದ್ದುಪಡಿಯನ್ನು ಉಳಿಸಿ ಹೊಸದನ್ನು ಪಕ್ಕದಲ್ಲಿ ಇಡುತ್ತದೆ. ಡೆಬ್ ಕಟ್ಟಲು ನೆರವಾಗುವ ಡೆಬಿಯನ್‌ನ ಡೆಬ್‌ಹೆಲ್ಪರ್ ‘ಇಟಿಸಿ’ ಫೋಲ್ಡರ್‌ಗೆ ಹೋಗುವ ಪ್ರತಿ ಫೈಲನ್ನೂ ಕಾನ್ಫಿಗ್ ಅಂತಲೇ ಲೆಕ್ಕ ಹಿಡಿಯುತ್ತದೆ. ಆ ಫೈಲನ್ನು ನೀವೂ ತಿದ್ದಿ, ಹೊಸ ಪ್ಯಾಕೇಜ್‌ನಲ್ಲೂ ಅದು ಬದಲಾಗಿದ್ದರೆ, ಅಪ್‌ಗ್ರೇಡ್ ನಡುವೆ ನಿಂತು ಯಾವುದನ್ನು ಇಡಲಿ ಅಂತ ಕೇಳುತ್ತದೆ. ರಾತ್ರಿ ತಾನಾಗಿ ಅಪ್‌ಡೇಟ್ ಆಗುವ ಸರ್ವರ್‌ಗಳಿದ್ದರೆ ಆ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟಿಟ್ಟಿರಬೇಕು.

ಇದನ್ನೆಲ್ಲ ಎಲ್ಲಿಡಬೇಕು? ಡೆಬಿಯನ್ ಫೋಲ್ಡರನ್ನು ಸಾಫ್ಟ್‌ವೇರ್‌ನ ಮೂಲ ಸೋರ್ಸ್ ಜೊತೆ ಬೆರೆಸದೆ ಗಿಟ್‌ನಲ್ಲಿ ಬೇರೆ ಬ್ರಾಂಚ್‌ನಲ್ಲಿಡಿ. ಹಳೆಯ ಸ್ಪೆಕ್ ಫೈಲನ್ನೂ, ನಿಮ್ಮ ಟೆಕ್ಸ್ಟ್ ಫೈಲನ್ನೂ ಅಲ್ಲೇ ಉಳಿಸಿ. ಪ್ಯಾಚ್‌ಗಳು ಪ್ಯಾಚಸ್ ಫೋಲ್ಡರ್‌ಗೆ ಹೋಗಲಿ, ಅವನ್ನು ಪಟ್ಟಿ ಮಾಡುವ ಸೀರೀಸ್ ಫೈಲ್‌ನಲ್ಲಿ ಸ್ಪೆಕ್‌ನಲ್ಲಿದ್ದ ಕ್ರಮದಲ್ಲೇ ಇರಲಿ. ಪ್ರತಿ ಪ್ಯಾಚ್‌ನ ತಲೆಯ ಮೇಲೆ ಅದು ಯಾಕೆ ಬೇಕು ಅಂತ ಎರಡು ಸಾಲು ಬರೆಯಿರಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಆಯಿತು ಅಂತ ಖುಷಿಪಡಬೇಡಿ. ಎಸ್‌ಬಿಲ್ಡ್ ಅನ್ನುವ ಟೂಲ್‌ನಲ್ಲಿ, ಏನೂ ಇಲ್ಲದ ಖಾಲಿ ಜಾಗದಲ್ಲಿ ಕಟ್ಟಿ ನೋಡಿ. ಬಿಟ್ಟುಹೋದ ಬಿಲ್ಡ್-ಡಿಪೆಂಡ್ಸ್ (ಕಟ್ಟಲು ಬೇಕಾದ ಪ್ಯಾಕೇಜ್‌ಗಳು) ಅಲ್ಲೇ ಸಿಕ್ಕಿಬೀಳುತ್ತದೆ.

ಎಲ್ಲಕ್ಕಿಂತ ಮೊದಲು ಸ್ಕ್ರಿಪ್ಟೇ ಇಲ್ಲದ ಒಂದು ಚಿಕ್ಕ ಪ್ಯಾಕೇಜ್ ಎತ್ತಿಕೊಳ್ಳಿ. ಆಮೇಲೆ ಒಂದೇ ಸರ್ವಿಸ್ ಇರುವುದು. 30ರಲ್ಲಿ ಯಾರೂ ಬಳಸದ ನಾಲ್ಕೈದು ಇದ್ದೇ ಇರುತ್ತವೆ, ಅವನ್ನು ಸುಮ್ನೆ ಹೊತ್ತುಕೊಂಡು ಹೋಗಬೇಡಿ. ಪ್ರತಿಯೊಂದನ್ನೂ ಪಿಯುಪಾರ್ಟ್ಸ್ ಅನ್ನುವ ಟೂಲ್‌ನಲ್ಲಿ ಇನ್‌ಸ್ಟಾಲ್ ಮಾಡಿ, ಅಪ್‌ಗ್ರೇಡ್ ಮಾಡಿ, ತೆಗೆದು ನೋಡಿ. ಪರ್ಜ್ ಅನ್ನುವ ಹಂತ ಆರ್‌ಪಿಎಂನಲ್ಲಿ ಇರಲಿಲ್ಲ. ಡೇಟಾ ಅಳಿಸುವ ಸಾಲು ನಿಮ್ಮ ಹಳೆಯ ಸ್ಪೆಕ್‌ನಲ್ಲಿದ್ದರೆ, ಅದು, ತೆಗೆದ ಮೇಲೆ ಓಡುವ ಪೋಸ್ಟ್‌ಆರ್‌ಎಂ ಫೈಲ್‌ನಲ್ಲಿ ಪರ್ಜ್ ಬಂದಾಗ ಮಾತ್ರ ಓಡಬೇಕು, ರಿಮೂವ್‌ಗೆ ಓಡಬಾರದು. ಆ ಒಂದು ಸಾಲನ್ನು ಇನ್ನೊಬ್ಬರಿಗೂ ತೋರಿಸಿ, ಆಮೇಲೆ ಸರ್ವರ್‌ಗೆ ಕಳಿಸಿ.